ಎಂಜಿನ್ ಬ್ಲಾಕ್‌ಗೆ ಉಸುಕು ಹೊಡೆಸುವ ಮುಂಚೆ ಇದನ್ನೊಮ್ಮೆ ಓದಿ

ಹಳೆ ಕಾರಿನ ಎಂಜಿನ್ ಬಿಚ್ಚಿಸಿದವರಿಗೆ ಒಬ್ಬರಲ್ಲ ಒಬ್ಬರು ಈ ಸಲಹೆ ಕೊಟ್ಟೇ ಕೊಡುತ್ತಾರೆ: "ಹೆಂಗೂ ಬಿಚ್ಚೀರಿ, ಬ್ಲಾಕ್‌ಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ಪೇಂಟ್ ಹೊಡೆಸಿಬಿಡ್ರಿ, ಹೊಸಾದು ಆಗತೈತಿ." ಸ್ಯಾಂಡ್ ಬ್ಲಾಸ್ಟಿಂಗ್ ಅಂದರೆ ಜೋರು ಹವೆಯಲ್ಲಿ ಉಸುಕು ಹೊಡೆದು ಹಳೆ ಬಣ್ಣ, ತುಕ್ಕು ತೆಗೆಯುವುದು. ತಕ್ಷಣ ಹೂಂ ಅನ್ನಬೇಡಿ. ಬೆಳಗಾವಿಯಲ್ಲಿ ನಮ್ಮ ಅಂಬಾಸಿಡರ್ ಎಂಜಿನ್‌ಗೆ ಈ ಕೆಲಸ ಆಯಿತು. ರೀಬೋರ್‌ಗೆ (ಪಿಸ್ಟನ್ ಓಡುವ ಕೊಳವೆಯ, ಅಂದರೆ ಬೋರಿನ, ಸವೆದ ಒಳಮೈ ಮತ್ತೆ ಕೊರೆಸುವುದಕ್ಕೆ) ಹಾಕಿದ ದುಡ್ಡು ನೀರಲ್ಲಿ ಹೋಮ ಮಾಡಿದಂತಾಯಿತು.

ಗಾಡಿ ಅಪ್ಪನದು. 1489 ಸಿಸಿ ಪೆಟ್ರೋಲ್ ಎಂಜಿನ್, ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಮತ್ತು ಹೆಡ್ (ಅದರ ಮೇಲಿನ ಮುಚ್ಚಳ) ಎರಡೂ ಬೀಡು ಕಬ್ಬಿಣ. ಆಯಿಲ್ ಕುಡಿಯುತ್ತಿತ್ತು, ಹೊಗೆ ಜಾಸ್ತಿ ಆಗಿತ್ತು, ಅದಕ್ಕೇ ಬಿಚ್ಚಿಸಿದ್ದು. ಬೋರ್ ಆಗಿ ಬಂದ ಬ್ಲಾಕನ್ನು ಮಿಸ್ತ್ರಿ ಉದ್ಯಮಬಾಗ್ ಕಡೆಯ ಒಂದು ಶೆಡ್ಡಿಗೆ ಕಳಿಸಿದರು. ಬೋರ್‌ಗೆ, ಆಯಿಲ್ ತೂತುಗಳಿಗೆ ಏನು ಮುಚ್ಚುತ್ತೀರಿ ಎಂದು ನಾನು ಮೊದಲೇ ಕೇಳಿದ್ದೆ. ಶೆಡ್ಡಿನ ಮಾಲೀಕರು ನಕ್ಕುಬಿಟ್ಟರು. "ಸರ್, ಇದು ಬೆಳಗಾವಿ. ಇಲ್ಲಿ ದಿನಾ ಎಷ್ಟು ಬೀಡಿನ ಮಾಲು ಬ್ಲಾಸ್ಟ್ ಆಗತಾವ ಗೊತ್ತೈತೇನ್ರಿ? ಏನೂ ಆಗೂದಿಲ್ಲ, ತಗೋರಿ."

ಈ ಮಾತೇ ನಮ್ಮೂರಲ್ಲಿ ದೊಡ್ಡ ಅಪಾಯ. ಬೆಳಗಾವಿ ಫೌಂಡ್ರಿಗಳ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳ) ಊರು, ಬ್ಲಾಸ್ಟಿಂಗ್ ಇಲ್ಲಿ ಎಲ್ಲರಿಗೂ ಗೊತ್ತು ನಿಜ. ಆದರೆ ಫೌಂಡ್ರಿಯಲ್ಲಿ ಶಾಟ್ ಬ್ಲಾಸ್ಟ್ (ಉಸುಕಿನ ಬದಲು ಉಕ್ಕಿನ ಸಣ್ಣ ಗುಂಡು ಹೊಡೆಯುವುದು) ಆಗುವುದು ಅಚ್ಚಿನಿಂದ ಆಗಷ್ಟೇ ಬಂದ ಕಚ್ಚಾ ಮಾಲು. ಅದಕ್ಕೆ ಇನ್ನೂ ಬೋರ್ ಆಗಿರುವುದಿಲ್ಲ, ಆಯಿಲ್ ತೂತು ಕೊರೆದಿರುವುದಿಲ್ಲ. ಮಷೀನಿಂಗ್ ಎಲ್ಲ ಆಮೇಲೆ. ನಮ್ಮದು ಮಷೀನಿಂಗ್ ಮುಗಿದು, ವರ್ಷಗಟ್ಟಲೆ ಓಡಿ, ಒಳಗೆಲ್ಲ ಎಣ್ಣೆ ಜಿಡ್ಡು ಹಿಡಿದ ಬ್ಲಾಕ್. ಎರಡಕ್ಕೂ ಒಂದೇ ಕೆಲಸ ಅಂದರೆ ಹೇಗೆ?

ಬ್ಲಾಕ್ ವಾಪಸ್ ಬಂದಾಗ ನೋಡಲು ಚೆಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ಬೂದು ಬಣ್ಣ, ಎಲ್ಲೂ ಒಂದು ಕಲೆ ಇಲ್ಲ. ತೂತುಗಳಿಗೆ ಬಟ್ಟೆ ತುರುಕಿ ಮೇಲೆ ಟೇಪ್ ಸುತ್ತಿದ್ದರು. ಟೇಪಿನ ಅಂಚು ಚಿಂದಿ ಆಗಿತ್ತು. ತೋರಿಸಿದರೆ, "ಹವಾ ಹೊಡದು ಸ್ವಚ್ಛ ಮಾಡೇವ್ರಿ" ಅಂದರು. ಮಿಸ್ತ್ರಿಯೂ ಕಂಪ್ರೆಸರ್ ಪೈಪ್ ಹಿಡಿದು ಇನ್ನೊಮ್ಮೆ ಹವಾ ಹೊಡೆದು ಫಿಟಿಂಗ್ ಶುರು ಮಾಡಿದರು.

ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು, ಓಡಿತು. ಕೆಲವೇ ದಿನಕ್ಕೆ ಎಂಜಿನ್ ಬಿಸಿಯಾದಾಗ ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿಯತೊಡಗಿತು. ಆಮೇಲೆ ಖಾನಾಪುರ ರಸ್ತೆಯಲ್ಲಿ ಕೆಳಗಿನಿಂದ ಟಕ್ ಟಕ್ ಶಬ್ದ. ಅಲ್ಲೇ ಆಫ್ ಮಾಡಿ, ಕಟ್ಟಿ ಎಳೆಸಿಕೊಂಡು ಬಂದೆವು.

ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿ, ಕ್ರ್ಯಾಂಕನ್ನು (ಪಿಸ್ಟನ್ನುಗಳು ತಿರುಗಿಸುವ ದಂಡವನ್ನು) ಹೊತ್ತಿರುವ ಬೇರಿಂಗ್ ತೆಗೆದಾಗ ಎಲ್ಲ ಗೊತ್ತಾಯಿತು. ಬೇರಿಂಗಿನ ಒಳಮೈಯನ್ನು ಬಿಸಿಲಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕೆಗಳು ಮಿಣುಕುತ್ತಿದ್ದವು. ಉಗುರಿನಿಂದ ಕೆದಕಿದರೂ ಬರಲಿಲ್ಲ, ಒಳಗೆ ಕಚ್ಚಿಕೊಂಡು ಕೂತಿದ್ದವು. ಉಸುಕು! ಬೇರಿಂಗಿನ ಲೋಹ ಮೆತ್ತಗಿರುವುದರಿಂದ ಕಣ ಅದರಲ್ಲಿ ಹೂತುಕೊಂಡು, ತಿರುಗುವ ಕ್ರ್ಯಾಂಕನ್ನು ಕೆರೆಯುತ್ತಾ ಇರುತ್ತದೆ. ಕ್ರ್ಯಾಂಕಿನ ಮೇಲೆ ಉಗುರು ಆಡಿಸಿದರೆ ಗೀರು ಗೀರಾಗಿ ತಾಕುತ್ತಿತ್ತು.

ಆಯಿಲ್ ಫಿಲ್ಟರ್ ಇರಲಿಲ್ವಾ ಅಂತ ಕೇಳಬಹುದು. ಇತ್ತು, ಹೊಸದೇ. ಆದರೆ ಆಯಿಲ್ ಹೋಗುವ ದಾರಿ ನೋಡಿ: ಪಂಪಿನಿಂದ ಫಿಲ್ಟರ್, ಫಿಲ್ಟರಿನಿಂದ ಬ್ಲಾಕಿನೊಳಗಿನ ಉದ್ದನೆಯ ಆಯಿಲ್ ಕಾಲುವೆ, ಅಂದರೆ ಗ್ಯಾಲರಿ, ಅಲ್ಲಿಂದ ಸೀದಾ ಬೇರಿಂಗ್. ಉಸುಕು ಕೂತಿದ್ದು ಗ್ಯಾಲರಿಯಲ್ಲಿ, ಅಂದರೆ ಫಿಲ್ಟರ್ ದಾಟಿದ ಮೇಲೆ. ಗ್ಯಾಲರಿಯ ತುದಿಯ ಪ್ಲಗ್ ಬಿಚ್ಚಿ ತಂತಿ ಹಾಕಿ ಎಳೆದಾಗ ಕಪ್ಪು ಜಿಡ್ಡಿನ ಜೊತೆ ಉಸುಕು ಮುದ್ದೆಯಾಗಿ ಬಂತು. ಜಿಡ್ಡಿಗೆ ಅಂಟಿದ ಕಣ ಬರೀ ಹವಾ ಹೊಡೆದರೆ ಬರುವುದಿಲ್ಲ. ಬಿಸಿ ಎಣ್ಣೆ ಹರಿದಾಗ ಮಾತ್ರ ತಾನಾಗಿ ಬಿಡಿಸಿಕೊಂಡು ಹೊರಡುತ್ತದೆ.

ಶೆಡ್ಡಿನವರು "ತೊಳಕೋಬೇಕಾದವ್ರು ಮಿಸ್ತ್ರಿ" ಅಂದರು. ಮಿಸ್ತ್ರಿ "ಹಂಗ್ಯಾಕ ಕೊಟ್ರು ಅವ್ರು" ಅಂದರು. ಬಿಲ್ ಬಂದಿದ್ದು ನಮಗೆ. ಕ್ರ್ಯಾಂಕ್ ಗ್ರೈಂಡಿಂಗ್, ಮುಂದಿನ ಸೈಜಿನ ಬೇರಿಂಗ್, ಮತ್ತೆ ಗ್ಯಾಸ್ಕೆಟ್ ಸೆಟ್, ಮತ್ತೆ ಲೇಬರ್.

ಎರಡನೇ ಸಲ ಬ್ಲಾಕ್ ತೊಳೆದ ಹಿರಿಯ ಮಿಸ್ತ್ರಿಯೊಬ್ಬರ ಕೆಲಸ ನೋಡಿ. ಗ್ಯಾಲರಿಯ ಪ್ಲಗ್‌ಗಳು, ತಂಪಿಗೆ ನೀರು ಹರಿಯುವ ಜಾಕೆಟ್ಟಿನ ತೂತು ಮುಚ್ಚುವ ಕೋರ್ ಪ್ಲಗ್‌ಗಳು, ಎಲ್ಲ ಬಿಚ್ಚಿಸಿದರು. ಬಿಸಿನೀರಿಗೆ ಸೋಪಿನ ಪುಡಿ ಹಾಕಿ, ಉದ್ದನೆಯ ಬ್ರಷ್ಷನ್ನು ಪ್ರತಿ ತೂತಿನ ಈ ಕಡೆಯಿಂದ ಆ ಕಡೆ ದಾಟಿಸಿದರು. ಆಮೇಲೆ ಬ್ಲಾಕ್ ಮಗುಚಿ, ಕೆಳಗೆ ಬಿಳಿ ಬಟ್ಟೆ ಹಾಸಿ, ಮರದ ಸುತ್ತಿಗೆಯಿಂದ ತಟ್ಟಿದರು. ಬಟ್ಟೆ ಮೇಲೆ ಉಸುಕು ಉದುರಿತು. ಮತ್ತೆ ತೊಳೆದರು, ಮತ್ತೆ ತಟ್ಟಿದರು. ಬಟ್ಟೆ ಬಿಳಿಯಾಗಿ ಉಳಿಯುವವರೆಗೂ ಬಿಡಲಿಲ್ಲ. ಒಣಗಿದ ಕೂಡಲೇ ಬೋರ್‌ಗೆ ಎಣ್ಣೆ ಸವರಿದರು, ಇಲ್ಲದಿದ್ದರೆ ಅಲ್ಲೇ ತುಕ್ಕು. ನಿಮ್ಮ ಬ್ಲಾಕ್‌ಗೆ ಯಾವುದೇ ಕಾರಣಕ್ಕೆ ಉಸುಕು ತಾಗಿದ್ದರೆ ಈ ಬಿಳಿ ಬಟ್ಟೆ ಪರೀಕ್ಷೆ ನಿಮ್ಮ ಕಣ್ಣೆದುರೇ ಮಾಡಿಸಿ.

ಪೇಂಟಿನ ಕಥೆ ಬೇರೆ. ಬ್ಲಾಸ್ಟ್ ಮಾಡಿದ ಬೀಡು ಕಬ್ಬಿಣ ಬೆತ್ತಲೆ ಇದ್ದಂತೆ, ಬೆಳಗಾವಿ ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣ ತಿರುಗುತ್ತದೆ. ಬೆವರಿದ ಕೈಯಿಂದ ಮುಟ್ಟಿದರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರುತ್ತದೆ. ನಮ್ಮ ಬ್ಲಾಕ್ ರಾತ್ರಿಯಿಡೀ ಶೆಡ್ಡಿನಲ್ಲಿ ಬಿದ್ದಿತ್ತು. ಬೆಳಿಗ್ಗೆ ಆ ತುಕ್ಕಿನ ಮೇಲೇ ಪ್ರೈಮರ್ ಹೊಡೆದರು. ಎರಡನೇ ಸಲ ಬಿಚ್ಚಿದಾಗ ಪೇಂಟ್ ಹಪ್ಪಳದ ಹಾಗೆ ಎದ್ದು ಬಂತು. ಬ್ಲಾಸ್ಟ್ ಆದ ದಿನವೇ ಪ್ರೈಮರ್ ಆಗಬೇಕು, ಆಗದಿದ್ದರೆ ಕೆಲಸ ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಹೊಗೆ ಹೊರಹೋಗುವ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೂ ಅದೇ ಮಾಮೂಲಿ ಸಿಲ್ವರ್ ಪೇಂಟ್ ಹೊಡೆದಿದ್ದರು. ಮೊದಲ ದಿನವೇ ಹೊಗೆ, ವಾಸನೆ, ಆಮೇಲೆ ಸುಟ್ಟು ಉದುರಿತು. ಬ್ಲಾಕಿನ ಹೊರಮೈ ನೂರು ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಎಂಜಿನ್ ಎನಾಮಲ್ ಸಾಕು. ಮ್ಯಾನಿಫೋಲ್ಡ್ ಅದರ ಹಲವು ಪಟ್ಟು ಕಾಯುತ್ತದೆ. ಅದಕ್ಕೆ 600 ಡಿಗ್ರಿ ತಡೆಯುವ ಸಿಲಿಕೋನ್ ಪೇಂಟೇ ಬೇಕು, ತೆಳ್ಳಗೆ ಹೊಡೆದು ಡಬ್ಬಿ ಮೇಲೆ ಬರೆದಂತೆ ಹಂತ ಹಂತವಾಗಿ ಕಾಯಿಸಬೇಕು. ಇನ್‌ಲೆಟ್ ಮ್ಯಾನಿಫೋಲ್ಡ್ ಅಲ್ಯೂಮಿನಿಯಂ ಇದ್ದರೆ ಉಸುಕಿನ ಹತ್ತಿರವೂ ಒಯ್ಯಬೇಡಿ, ಮೈಯೆಲ್ಲ ಗುಳಿ ಬೀಳುತ್ತದೆ.

ಇನ್ನೊಂದು ವಿಷಯ, ಇದು ಗಾಡಿಗಿಂತ ದೊಡ್ಡದು. ಆ ಶೆಡ್ಡಿನಲ್ಲಿ ಹೊಡೆಯುತ್ತಿದ್ದುದು ಹೊಳೆ ಉಸುಕು. ಹೊಡೆಯುವ ಹುಡುಗ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ, ಅಷ್ಟೇ. ಉಸುಕು ಒಡೆದು ಏಳುವ ಸಿಲಿಕಾ ಧೂಳು ಕಣ್ಣಿಗೂ ಕಾಣದಷ್ಟು ಸಣ್ಣದು, ಟವೆಲ್ಲಿಗೆ ನಿಲ್ಲುವುದಿಲ್ಲ. ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ವಾಸಿಯಾಗದ ರೋಗ. ಬ್ರಿಟನ್ನಿನಲ್ಲಿ ಎರಕದ ಮಾಲಿಗೆ ಉಸುಕು ಹೊಡೆಯುವುದನ್ನು 1949ರ ನಿಯಮದಲ್ಲೇ ನಿಲ್ಲಿಸಿದರು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಸಣ್ಣ ಶೆಡ್ಡುಗಳಲ್ಲಿ ಕೇಳುವವರು ಯಾರು?

ಹಾಗಂತ ಬ್ಲಾಸ್ಟಿಂಗೇ ಬೇಡ ಅಂತಲ್ಲ. ಪುಲ್ಲಿ, ಬ್ರಾಕೆಟ್, ಎಂಜಿನ್ ಮೌಂಟಿಂಗ್ ಇಂಥ ಒಳದಾರಿ ಇಲ್ಲದ ಸಾಮಾನನ್ನು ನಾನು ಈಗಲೂ ಕೊಡುತ್ತೇನೆ, ಉಸುಕಿನ ಬದಲು ಗಾರ್ನೆಟ್ ಎಂಬ ಖನಿಜದ ಪುಡಿ ಬಳಸುವ, ಮುಚ್ಚಿದ ಕ್ಯಾಬಿನೆಟ್ ಇರುವ ಜಾಗಕ್ಕೆ. ಬ್ಲಾಕ್ ಮತ್ತು ಹೆಡ್ಡಿಗೆ ಡೀಸೆಲ್, ವೈರ್ ಬ್ರಷ್ ಮತ್ತು ತಾಳ್ಮೆ. ಕೊಡುವ ಮುಂಚೆ ಶೆಡ್ಡಿನ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಲು ಹೇಳಿ. ನೀರು ಸುರಿದರೆ ಆ ಹವೆಯಲ್ಲಿ ಬ್ಲಾಸ್ಟ್ ಮಾಡಿದ ಮಾಲು ಮನೆ ಮುಟ್ಟುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ಸಾಮಾನು ಎತ್ತಿಕೊಂಡು ಬೇರೆ ಕಡೆ ಹೋಗಿ.