"ಹಿಡಿದಿದೆ" ಅಂದರೆ ಹಿಡಿದೇ ಇರುತ್ತದೆ: ಒಂದು ಮನೆ ನರ್ಸರಿಯ ಕಸಿ ಮೆಣಸು

ಸಾಗರದಿಂದ ಸಿದ್ದಾಪುರಕ್ಕೆ ಹೋಗುವ ಕಡೆ, ಒಳದಾರಿಯಲ್ಲಿ, ಬೋರ್ಡೂ ಇಲ್ಲದ ಒಂದು ಮನೆ ನರ್ಸರಿ ಇದೆ. ಅಂಗಳದ ಪಕ್ಕ ಹಸಿರು ನೆರಳುಬಲೆ, ಅದರಡಿ ಕಾಳುಮೆಣಸಿನ ಕಸಿ ಗಿಡಗಳು. ಅಲ್ಲಿಂದ ನಾನು ತಂದ ಗಿಡಗಳು ಮೂರು ಮಳೆಗಾಲ ಕಂಡಿವೆ. ಈಗ ಬರೆಯಬಹುದು ಅನ್ನಿಸಿತು.

ಅದಕ್ಕೂ ಮೊದಲು ಬೇರೆ ಕಡೆ ಪೆಟ್ಟು ತಿಂದಿದ್ದೆ. ನಮ್ಮ ಅಡಿಕೆ ತೋಟದ ಕೆಳಗಿನ ಸಾಲಿನಲ್ಲಿ ಮಳೆಗೆ ನೀರು ನಿಲ್ಲುತ್ತದೆ. ಮಾವ ನೆಟ್ಟು ಬೆಳೆಸಿದ್ದ ಬಳ್ಳಿಗಳು ಸೊರಗು ರೋಗಕ್ಕೆ ಹದಿನೈದೇ ದಿನದಲ್ಲಿ ಎಲೆ ಉದುರಿಸಿಕೊಂಡು ಹೋದವು. ಕಸಿ ಗಿಡ ಹಾಕಿ ಅಂದರು ಎಲ್ಲರೂ. ಒಂದು ದೊಡ್ಡ ನರ್ಸರಿಯಿಂದ 30 ಗಿಡ ತಂದೆ. "ನೂರಕ್ಕೆ ನೂರು ಗ್ಯಾರಂಟಿ" ಅಂದಿದ್ದರು. ದೀಪಾವಳಿ ಹೊತ್ತಿಗೆ ಉಳಿದದ್ದು 11. ಕೇಳಿದರೆ ನಿಮ್ಮ ಮಣ್ಣೇ ಸರಿ ಇಲ್ಲ ಅಂದುಬಿಟ್ಟರು.

ಈ ಮನೆಯಲ್ಲಿ ಗ್ಯಾರಂಟಿ ಅನ್ನುವ ಮಾತೇ ಇಲ್ಲ. ಕಸಿ ಕಟ್ಟುವವರು ಮನೆಯ ಯಜಮಾನತಿ. ಮೊದಲ ಸಲ ಹೋದಾಗ ಚೆಂದ ಕಂಡ ಸಾಲು ತೋರಿಸಿ, "ಇದನ್ನೇ ಕೊಡಿ ಅಕ್ಕಾ" ಅಂದೆ.

"ಅದು ಬರೀ ಹಸಿರಾಗಿದೆ ತಂಗಿ, ಹಿಡಿದಿಲ್ಲ."

ಗಿಡ ಇದ್ದ ಒಂದು ಕೊಟ್ಟೆ (ಪ್ಲಾಸ್ಟಿಕ್ ಚೀಲ) ಎತ್ತಿ, ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನನ್ನ ಹೆಬ್ಬೆರಳು ಇಡಿಸಿದರು. ಏನೂ ಸಿಗಲಿಲ್ಲ. ಮೇಲೆ ಕಟ್ಟಿದ ಮೆಣಸಿನ ಕಡ್ಡಿ ಬುಡಕ್ಕೆ ಕೂಡದಿದ್ದರೂ ತನ್ನೊಳಗಿನ ರಸದಲ್ಲೇ ಕೆಲವು ದಿನ ಹಸಿರಾಗಿ ಇರುತ್ತದಂತೆ. ಇನ್ನೊಂದು ಗಿಡ ಕೊಟ್ಟರು. ಪಟ್ಟಿಯಡಿ ಪುಟ್ಟ ಗಂಟು ಬೆರಳಿಗೆ ತಾಗಿತು, ತುದಿಯಲ್ಲಿ ಎಳೆ ಚಿಗುರು. "ಇದು ಹಿಡಿದಿದೆ." ನೆಟ್ಟು ಒಂದು ಮಳೆಗಾಲ ಕಳೆದರೆ "ಬೇರೂರಿತು". ಬೇಸಿಗೆ ದಾಟಿದರೆ "ತಾಳಿಕೊಂಡಿತು". ಕರೆ (ಮೆಣಸು ಕಟ್ಟುವ ತೆನೆ) ಕಂಡ ಮೇಲೆಯೇ "ದಕ್ಕಿತು". ಒಂದರ ಜಾಗದಲ್ಲಿ ಇನ್ನೊಂದು ಮಾತು ಅವರ ಬಾಯಲ್ಲಿ ಬರುವುದಿಲ್ಲ. ನನಗೆ ಮಾರುವಾಗ ಹೇಳಿದ್ದು ಹಿಡಿದಿದೆ ಅಂತ ಮಾತ್ರ. ಮುಂದಿನದು ನಿನ್ನ ಕೈಯಲ್ಲಿ ಅಂದರು.

ಕೈಯಲ್ಲಿ ಏನಿದೆ ಅಂತಲೂ ಬಿಡಿಸಿ ಹೇಳಿದರು. ಕಸಿಯ ಬುಡ ಹಿಪ್ಪಲಿಯದು, ದಕ್ಷಿಣ ಅಮೆರಿಕದಿಂದ ಬಂದ ಪೈಪರ್ ಕೊಲುಬ್ರಿನಮ್. ಸೊರಗು ರೋಗ ತರುವ ಫೈಟಾಫ್ಥೊರಾ ಅನ್ನುವ ರೋಗಾಣು ಅದರ ಬೇರಿಗೆ ತಾಗುವುದಿಲ್ಲ. ನೀರು ನಿಂತರೂ ತಡೆಯುತ್ತದೆ. ಒಣಗಿದರೆ ಮಾತ್ರ ತಡೆಯುವುದಿಲ್ಲ, ಬೇಸಿಗೆಯಲ್ಲಿ ನೀರು ಬೇಕೇ ಬೇಕು. ಗಂಟು ಮಣ್ಣಿನಿಂದ ಮೇಲೆ ಇರಬೇಕು. ಮೇಲಿನ ಮೆಣಸು ಮಣ್ಣಿಗೆ ತಾಗಿ ಬೇರು ಬಿಟ್ಟರೆ ಕಸಿ ಕಟ್ಟಿದ್ದೇ ದಂಡ, ರೋಗ ಆ ಬೇರಿನಿಂದ ಹತ್ತುತ್ತದೆ. ಕೆಳಗಿನಿಂದ ಹಿಪ್ಪಲಿ ಚಿಗುರು ಬಂದರೆ ಚಿವುಟಬೇಕು. ಎಲೆಗೆ ಈ ರಕ್ಷಣೆ ಇಲ್ಲ, ಹಾಗಾಗಿ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಸಿಂಪಡಿಸುವುದನ್ನು ತಪ್ಪಿಸುವಂತಿಲ್ಲ. ದೊಡ್ಡ ನರ್ಸರಿಯಲ್ಲಿ ಇದರಲ್ಲಿ ಒಂದನ್ನೂ ಯಾರೂ ಹೇಳಿರಲಿಲ್ಲ.

ನಾನು ಪಣಿಯೂರು-1 ತಳಿ ಕೇಳಿದ್ದೆ. ತೋಟದಲ್ಲಿ ನೆರಳು ಎಷ್ಟು ಅಂತ ವಿಚಾರಿಸಿ, ಕೆಳಗಿನ ಸಾಲಿಗೆ ಕರಿಮುಂಡ ಕೊಟ್ಟರು. ಪಣಿಯೂರಿಗೆ ಬಿಸಿಲು ಬೇಕು, ದಟ್ಟ ನೆರಳಲ್ಲಿ ಫಸಲು ಕಮ್ಮಿ. ಗಿರಾಕಿ ಕೇಳಿದ್ದನ್ನು ಸುಮ್ನೆ ಕೊಟ್ಟು ಕಳಿಸುವವರೇ ಜಾಸ್ತಿ, ಅಲ್ವಾ?

2023ರ ಜೂನ್‌ನಲ್ಲಿ 40 ಗಿಡ ನೆಟ್ಟೆವು, ಒಂದಕ್ಕೆ 70 ರೂಪಾಯಿಯಂತೆ. ಮೊದಲ ಮಳೆಗಾಲದಲ್ಲಿ ಎರಡು ಸತ್ತವು. ಮರು ಬೇಸಿಗೆಯಲ್ಲಿ ಪಂಪ್ ಕೆಟ್ಟು ಹತ್ತು ದಿನ ನೀರಿಲ್ಲದೆ ಮೂರು ಹೋದವು, ಅದು ನಮ್ಮದೇ ತಪ್ಪು. 35 ಇವೆ. ಕಳೆದ ಮಳೆಗಾಲ 22 ಬಳ್ಳಿಯಲ್ಲಿ ಕರೆ ಬಂತು. ಮಾವ ಕೊಡೆ ಹಿಡಿದು ಒಂದೊಂದೇ ಮರದ ಬುಡಕ್ಕೆ ಹೋಗಿ ಎಣಿಸಿದ ಲೆಕ್ಕ ಅದು.

ಕೊರತೆಯೂ ಇದೆ. ಬಿಲ್ ಇಲ್ಲ, ಮನೆಗೆ ತಲುಪಿಸುವುದಿಲ್ಲ. ಗಿಡಕ್ಕೆ ಹೆಸರಿನ ಚೀಟಿ ಇಲ್ಲ, ತಳಿಗೊಂದು ಬಣ್ಣದ ದಾರ ಅಷ್ಟೇ. ದಾರ ಬಿಚ್ಚಿಹೋದರೆ ಯಾವುದು ಯಾವ ತಳಿ ಅಂತ ಗೊತ್ತಾಗುವುದಿಲ್ಲ. ಇದನ್ನು ಅವರು ಸರಿ ಮಾಡಲೇಬೇಕು.

ಮೊನ್ನೆ ಹೋಗಿ ಇನ್ನೂ 25 ಗಿಡಕ್ಕೆ ಹೇಳಿ ಬಂದೆ. ಮುಂಗಡ ಕೊಡಲು ಹೋದರೆ ಅಕ್ಕ ತೆಗೆದುಕೊಳ್ಳಲಿಲ್ಲ. "ಮೇ ಕೊನೆಗೆ ಫೋನ್ ಮಾಡು. ಹಿಡಿದಷ್ಟು ಕೊಡ್ತೇನೆ" ಅಂದರು.