ಟ್ಯೂಬಿಂಗೆನ್‌ನಲ್ಲಿ ಮೂರು ತಿಂಗಳು ರೂಮು, ಮೂರು ತಿಂಗಳು ಹಾಸ್ಟೆಲು

ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಜರ್ಮನಿಗೆ ಹೋಗಿ ಒಂದು ಸೆಮಿಸ್ಟರ್ ಓದಿ ಬಂದವನು ಅಂತ ಗೊತ್ತಾದರೆ ಸಾಕು, ಹೊರಟು ನಿಂತ ಹುಡುಗರು ಫೋನ್ ಮಾಡುತ್ತಾರೆ. ಪಾಠ ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ. ಹಾಸ್ಟೆಲ್ ಒಳ್ಳೆಯದಾ, ಹೊರಗೆ ರೂಮ್ ಹಿಡಿಯುವುದಾ? ಇಷ್ಟೇ ಪ್ರಶ್ನೆ. ನಾನು ಎರಡೂ ಕಡೆ ಇದ್ದವನು. ಆಸೆಪಟ್ಟು ಅಲ್ಲ. ಅಕ್ಟೋಬರಿನಲ್ಲಿ ಹಾಸ್ಟೆಲಿನಲ್ಲಿ ಜಾಗ ಇರಲಿಲ್ಲ, ಜನವರಿಗೆ ಬನ್ನಿ ಅಂದರು. ಹಾಗಾಗಿ ಚಳಿಗಾಲದ ಆರು ತಿಂಗಳು ಸರಿಯಾಗಿ ಎರಡು ಪಾಲಾಯಿತು.

ಊರು ಟ್ಯೂಬಿಂಗೆನ್. ನೆಕ್ಕರ್ ನದಿಯ ದಡ. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಸಣ್ಣ ಊರು, ಎಲ್ಲಿ ನೋಡಿದರೂ ವಿದ್ಯಾರ್ಥಿಗಳು. ಕೋಣೆಗೆ ಅಷ್ಟು ಪರದಾಟ ಇರುವುದೂ ಅದಕ್ಕೇ.

ಮೊದಲು ಸಿಕ್ಕಿದ್ದು ಹಳೇ ಮನೆಯೊಂದರ ಮಹಡಿಯಲ್ಲಿ ಒಂದು ಕೋಣೆ. ಮೂವರು ಸೇರಿ ಮಾಡಿದ ಬಾಡಿಗೆ ಮನೆ. ಅಂಥದ್ದಕ್ಕೆ ಅಲ್ಲಿ ‘ವೇಗೇ’ ಅನ್ನುತ್ತಾರೆ. ಒಬ್ಬ ಇಂಟರ್ನ್‌ಶಿಪ್ಪಿಗೆ ಬೇರೆ ಊರಿಗೆ ಹೋಗಿದ್ದ, ಅವನ ಕೋಣೆ ಮೂರು ತಿಂಗಳಿಗೆ ನನ್ನದು. ದುಡ್ಡು ಕೊಟ್ಟರೆ ಕೋಣೆ ಸಿಕ್ಕಿತು ಅಂದುಕೊಳ್ಳಬೇಡಿ. ಉಳಿದ ಇಬ್ಬರು ವಿಡಿಯೋ ಕಾಲಿನಲ್ಲಿ ಹೆಣ್ಣು ನೋಡುವ ಶಾಸ್ತ್ರದ ಹಾಗೆ ವಿಚಾರಿಸಿದರು. ಅಡುಗೆ ಬರುತ್ತದಾ? ಪಾತ್ರೆ ಕೂಡಲೇ ತೊಳೆಯುತ್ತೀಯಾ? ಎರಡಕ್ಕೂ ಹೌದು ಅಂದೆ. ಎರಡನೆಯದು ಸುಳ್ಳು.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ವೇಗೇಯಲ್ಲಿ ತಿಂಗಳಿಗೆ 430 ಯೂರೋ ಕೊಟ್ಟೆ, ಹಾಸ್ಟೆಲಿನಲ್ಲಿ 310. ವೀಸಾಕ್ಕಾಗಿ ಬ್ಯಾಂಕಿನಲ್ಲಿ ಕಟ್ಟಿಟ್ಟ ದುಡ್ಡಿನಿಂದ ನಮ್ಮ ಕೈಗೆ ಬರುವುದೇ ತಿಂಗಳಿಗೆ 992. ಹಾಗಾಗಿ 120 ಯೂರೋ ಸಣ್ಣ ವ್ಯತ್ಯಾಸ ಅಲ್ಲ. ಆದರೆ ರೇಡಿಯೋ, ಟಿವಿ ಶುಲ್ಕ ಅಂತ ಒಂದಿದೆ, ನೀವು ಟಿವಿ ನೋಡಿದರೂ ಬಿಟ್ಟರೂ ಕಟ್ಟಬೇಕು. ಅದು ಒಂದು ಮನೆಗೆ 18.36 ಯೂರೋ. ವೇಗೇಯಲ್ಲಿ ಮೂವರು ಹಂಚಿಕೊಂಡೆವು. ಹಾಸ್ಟೆಲಿನ ಉದ್ದ ಕಾರಿಡಾರಿನಲ್ಲಿ ಒಂದೊಂದು ಕೋಣೆಯೂ ಒಂದೊಂದು ಮನೆ ಅಂತ ಲೆಕ್ಕ, ಪೂರ್ತಿ ನಾನೇ ಕಟ್ಟಿದೆ. ಇನ್ನು ಮನೆ ಬದಲಿಸಿದರೆ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಹೊಸ ವಿಳಾಸ ಬರೆಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಬೇಕು. ನನ್ನ ಹಾಗೆ ಎರಡು ಕಡೆ ಇದ್ದರೆ ಎರಡು ಸಲ ಓಡಾಟ.

ಈಗ ಕಸದ ವಿಷಯಕ್ಕೆ ಬರುತ್ತೇನೆ. ನಿಜವಾದ ವ್ಯತ್ಯಾಸ ಇದ್ದದ್ದೇ ಅಲ್ಲಿ.

ವೇಗೇಗೆ ಹೋದ ಎರಡನೇ ಭಾನುವಾರ ರಾತ್ರಿ ನಮ್ಮ ಬಾಗಿಲಿನ ಹಿಡಿಯಲ್ಲಿ ಒಂದು ಮರದ ಹಲಗೆ ನೇತಾಡುತ್ತಿತ್ತು. ಅಂಗೈಯಷ್ಟು ಅಗಲ, ಒಂದು ದಾರ, ಮೇಲೆ ‘ಕೇರ್‌ವೋಖೆ’ ಅಂತ ಬರೆದಿತ್ತು. ಗುಡಿಸುವ ವಾರ ಅಂತ ಅರ್ಥ. ಆ ಸೀಮೆಯ ಹಳೇ ಪದ್ಧತಿ ಇದು. ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೆಟ್ಟಿಲು, ಮನೆ ಮುಂದಿನ ದಾರಿ, ರಸ್ತೆ ಬದಿಯ ಕಾಲುದಾರಿ ಎಲ್ಲ ಗುಡಿಸಬೇಕು. ಮುಗಿದ ಮೇಲೆ ಹಲಗೆ ಪಕ್ಕದ ಬಾಗಿಲಿಗೆ. ನನ್ನ ಜೊತೆಯವರು ಹಲಗೆ ನೋಡಿದರು, ನನ್ನನ್ನು ನೋಡಿದರು. ಹೊಸಬ ತಾನೇ.

ಊರಲ್ಲಿ ನಾನು ಒಂದು ದಿನವೂ ಹಿಡಿಸೂಡಿ ಮುಟ್ಟಿದವನಲ್ಲ. ಬೆಳಿಗ್ಗೆ ಏಳುವಾಗ ಜಾಲು (ಅಂಗಳ) ಗುಡಿಸಿಯೇ ಇರುತ್ತಿತ್ತು. ಯಾರು, ಎಷ್ಟು ಹೊತ್ತಿಗೆ ಎದ್ದು ಗುಡಿಸಿದರು ಅಂತ ಕೇಳಿದವನೂ ಅಲ್ಲ. ಅಲ್ಲಿ ಉದ್ದ ಕೋಲಿನ ಗಟ್ಟಿ ಬ್ರಷ್ಷು. ಮಳೆಗೆ ನೆಂದ ಎಲೆಗಳು ಕಲ್ಲಿಗೆ ಅಂಟಿಕೊಂಡು ಏಳುವುದಿಲ್ಲ. ಹಿಡಿಸೂಡಿ ಇದ್ದಿದ್ದರೆ ಹತ್ತು ನಿಮಿಷದ ಕೆಲಸ, ನನಗೆ ಒಂದು ಗಂಟೆ ಹಿಡಿಯಿತು. ಕೆಳಗಿನ ಮನೆಯ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು. ಮುಗಿಸಿದೆ ಅಂತ ಬ್ರಷ್ಷು ಒರಗಿಸಿಟ್ಟರೆ ಅವರು ಹೊರಗೆ ಬಂದು ಊರುಗೋಲಿನಲ್ಲಿ ತೋರಿಸಿದರು, ಮೆಟ್ಟಿಲಿನ ಕೆಳಗಿನ ಮೂಲೆ. ಅಲ್ಲಿ ನಾಲ್ಕು ಎಲೆ ಇತ್ತು. ನಾಲ್ಕೇ. ಡಿಸೆಂಬರಿನಲ್ಲಿ ಹಿಮ ಬಿದ್ದ ದಿನ ಬೆಳಿಗ್ಗೆ ಏಳಕ್ಕೆ ಮೊದಲು ಕಾಲುದಾರಿ ಸಾಫ್ ಆಗಬೇಕು ಅಂತ ಬಾಗಿಲು ಬಡಿದವರೂ ಅವರೇ.

ಆದರೆ ನನ್ನ ಜರ್ಮನ್ ಬೆಳೆದದ್ದು ಆ ಮೆಟ್ಟಿಲಿನಲ್ಲಿ. ಕ್ಲಾಸಿನಲ್ಲಿ ಕಲಿತ ಜರ್ಮನ್ ಅವರ ಬಾಯಲ್ಲಿ ಇರಲಿಲ್ಲ. ಅಲ್ಲಿಯದು ಶ್ವೇಬಿಶ್, ಮಾತುಮಾತಿಗೆ ಕೊನೆಯಲ್ಲಿ ‘ಲೆ’. ಮನೆ ಅಂದರೆ ‘ಹೊಯ್ಸ್‌ಲೆ’, ಸ್ವಲ್ಪ ಅಂದರೆ ‘ಬಿಸ್ಲೆ’. ಬಲೆ, ಕುಲ್ಲುಲೆ ಅಂತ ತುಳು ಕೇಳಿ ಬೆಳೆದವನಿಗೆ ಸುಮ್ನೆ ನಗು ಬರುತ್ತಿತ್ತು. ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳಂ ಅಂತ ಅರ್ಧ ಅರ್ಥವಾದರೂ ಮಾತು ಮುಂದುವರಿಸುವ ಅಭ್ಯಾಸ ಕಾಸರಗೋಡಿನವರಿಗೆ ಇದ್ದೇ ಇದೆ, ಅಲ್ವಾ? ಜರ್ಮನ್ ಸಾಹಿತಿ ಹೆರ್ಮನ್ ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ, ನಮ್ಮಲ್ಲಿಂದ ರೈಲಿನಲ್ಲಿ ಹೋಗಿ ಬರುವಷ್ಟೇ ದೂರ ಅಂತ ಒಮ್ಮೆ ಅಜ್ಜಿಗೆ ಹೇಳಿದೆ. ಅವರು ನಂಬಲಿಲ್ಲ. ಮರುದಿನ ಯಾರನ್ನೋ ಕೇಳಿ ತಿಳಿದುಕೊಂಡು ಬಂದು, ಇನ್ನು ಮೇಲೆ ನನ್ನನ್ನು ‘ಡು’ ಅನ್ನು ಅಂದರು. ‘ನೀವು’ ಬಿಟ್ಟು ‘ನೀನು’ ಅನ್ನಲು ಅಲ್ಲಿ ದೊಡ್ಡವರೇ ಅನುಮತಿ ಕೊಡಬೇಕು. ನನ್ನ ಅಜ್ಜಿಯ ಪ್ರಾಯದವರನ್ನು ನೀನು ಅನ್ನಲು ನನಗೆ ಬಾಯಿ ಬರಲಿಲ್ಲ, ಕೊನೆವರೆಗೂ ತಡವರಿಸಿದೆ.

ಜನವರಿಯಲ್ಲಿ ಹಾಸ್ಟೆಲಿಗೆ ಬಂದಾಗ ಸ್ವರ್ಗ ಅನ್ನಿಸಿತು. ಹಲಗೆ ಇಲ್ಲ. ಮೆಟ್ಟಿಲು ಗುಡಿಸಲು ಕೆಲಸದವರು ಬರುತ್ತಾರೆ. ಹನ್ನೆರಡು ಜನಕ್ಕೆ ಒಂದು ಅಡುಗೆಮನೆ, ಯಾವ ಹೊತ್ತಿಗೆ ಹೋದರೂ ಮಾತಿಗೆ ಜನ. ವೇಗೇಯಲ್ಲಿ ಕುಚ್ಚಲಕ್ಕಿ ಒಂದು ಗಂಟೆ ಬೇಯಿಸಿದರೆ ಕರೆಂಟು ಬಿಲ್ಲಿನ ಮಾತು ಬರುತ್ತಿತ್ತು, ಇಲ್ಲಿ ಬಾಡಿಗೆಯಲ್ಲೇ ಎಲ್ಲ ಸೇರಿದೆ. ದಿನಾ ಗಂಜಿ, ಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಮಾತ್ರ ನಾನು ತಿಂದದ್ದಕ್ಕಿಂತ ಜಾಸ್ತಿ ಖಾಲಿಯಾಗುತ್ತಿತ್ತು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಒಂದು ರಾತ್ರಿ ತಂಬುಳಿಗೆ ಒಗ್ಗರಣೆ ಇಟ್ಟೆ, ಅಡುಗೆಮನೆಯ ಬಾಗಿಲು ಹಾಕಲು ಮರೆತೆ. ಒಣಮೆಣಸಿನ ಹೊಗೆ ಕಾರಿಡಾರಿಗೆ ಹೋಗಿ ಅಲಾರಂ ಕೂಗಿಕೊಂಡಿತು. ಇಡೀ ಮಹಡಿಯ ಜನ ಚಪ್ಪಲಿ ಕಾಲಿನಲ್ಲಿ ಹಿಮದಲ್ಲಿ ನಿಂತರು. ವೇಗೇಯಲ್ಲಿ ಇದೇ ಹೊಗೆಗೆ ಜೊತೆಯವನು ಸೊನ್ನೆ ಡಿಗ್ರಿಯಲ್ಲಿ ಎಲ್ಲ ಕಿಟಕಿ ತೆರೆದು, ಐದು ನಿಮಿಷ ಕೋಟು ಹಾಕಿಕೊಂಡು ಕೂತು, ಆಮೇಲೆ ತಂಬುಳಿ ಬಡಿಸಿಕೊಂಡಿದ್ದ.

ಹಾಸ್ಟೆಲಿನಲ್ಲಿ ಕೇರಳದವರ ವಾಟ್ಸಾಪ್ ಗುಂಪು ಬೇರೆ, ಕರ್ನಾಟಕದವರದು ಬೇರೆ. ಪಾಸ್‌ಪೋರ್ಟ್ ನೋಡಿ ಅವರು ಸೇರಿಸಿದರು, ಮಾತು ಕೇಳಿ ಇವರು ಸೇರಿಸಿದರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಕಥೆಯನ್ನು ಎರಡೂ ಕಡೆ ಹೇಳಿದೆ. ಓಣಂ ಕಥೆ ಒಂದು ಕಡೆ, ದೋಸೆಯ ಜಗಳ ಇನ್ನೊಂದು ಕಡೆ. ಖುಷಿಯಾಗಿಯೇ ಇದ್ದೆ. ಫೆಬ್ರವರಿ ಕೊನೆಗೆ ಬ್ರೆಡ್ ಅಂಗಡಿಯಲ್ಲಿ ನಿಂತಾಗ ಜರ್ಮನ್ ಶಬ್ದ ಬಾಯಿಗೆ ಬರಲಿಲ್ಲ, ಇಂಗ್ಲಿಷಿನಲ್ಲಿ ಕೇಳಿದೆ. ಆಗ ಕೆಳಗಿನ ಮನೆಯ ಅಜ್ಜಿ ನೆನಪಾದರು.

ಫೋನ್ ಮಾಡುವವರಿಗೆ ನಾನು ಹೇಳುವುದು ಹೀಗೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ, ಮನೆ ಬಿಟ್ಟು ಇದ್ದು ಗೊತ್ತೇ ಇಲ್ಲದಿದ್ದರೆ, ಹಾಸ್ಟೆಲ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೊಮ್ಮೆ ಕಳಿಸಿದರೆ ನಾನು 120 ಯೂರೋ ಜಾಸ್ತಿ ಕೊಟ್ಟು ಹಲಗೆ ಇರುವ ಮನೆಗೇ ಹೋಗುತ್ತೇನೆ.

ಮಾರ್ಚ್ ಕೊನೆಗೆ ಮಂಗಳೂರಿನಲ್ಲಿ ಇಳಿದು ತಲಪಾಡಿ ದಾಟಿ ಮನೆಗೆ ಬಂದೆ. ಮೊದಲ ಎರಡು ದಿನ ನಿದ್ದೆ. ಮೂರನೇ ದಿನ ನಾಲ್ಕು ಗಂಟೆಗೇ ಎಚ್ಚರವಾಯಿತು. ಹೊತ್ತು ಹೊಂದಿಕೊಂಡಿರಲಿಲ್ಲ. ಹೊರಗೆ ಸರ್ ಸರ್ ಅಂತ ಸದ್ದು. ಅಮ್ಮ ಬ್ಯಾಟರಿ ಲೈಟು ಮೆಟ್ಟಿಲಿನ ಮೇಲಿಟ್ಟು ಜಾಲು ಗುಡಿಸುತ್ತಿದ್ದಳು. ಅಷ್ಟು ಹೊತ್ತಿಗೆ ಅಂತ ನನಗೆ ಗೊತ್ತಿರಲಿಲ್ಲ. ಕೈಯಿಂದ ಹಿಡಿಸೂಡಿ ತೆಗೆದುಕೊಂಡೆ. ಜ್ವರ ಉಂಟಾ ಅಂತ ಹಣೆ ಮುಟ್ಟಿ ನೋಡಿದಳು. ಹಲಸಿನ ಎಲೆ, ಒಣಗಿದವು, ಒಂದೇ ಎಳೆತಕ್ಕೆ ಬರುತ್ತವೆ. ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಹಿಡಿಸೂಡಿ ಗೋಡೆಗೆ ಒರಗಿಸಿ ನಿಂತೆ. ಅಮ್ಮ ಜಗಲಿಯಿಂದ ಲೈಟು ಹಾಕಿ ನೋಡಿದಳು.

“ಆ ಮೂಲೆ ಹಾಂಗೇ ಇದ್ದನ್ನೇ ಮಾಣಿ.”