ಬಾಯಿಯ ಬಿಳಿ ಮಚ್ಚೆಗೆ ಯಾವ ಪರೀಕ್ಷೆ: ನೀಲಿ ಬಣ್ಣವೋ, ಬ್ರಷ್ಷೋ, ಬಯಾಪ್ಸಿಯೋ?

ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರ ಕೆನ್ನೆಯ ಒಳಗೆ ಕೆರೆದರೂ ಹೋಗದ ಬಿಳಿ ಮಚ್ಚೆ ಕಂಡು ಎರಡು ವಾರ ಕಳೆದರೂ ಮಾಯದಿದ್ದರೆ ಪರೀಕ್ಷೆ ಬೇಕೇ ಬೇಕು. ಕೆಂಪು ಮಚ್ಚೆಯಾದರೆ ಇನ್ನೂ ಬೇಗ. ಅದು ಕ್ಯಾನ್ಸರ್ ಆಗುವ ಅಪಾಯ ಬಿಳಿಯದಕ್ಕಿಂತ ಹೆಚ್ಚು.

ಟೊಲುಯಿಡಿನ್ ನೀಲಿ ಬಣ್ಣ ಹಚ್ಚುವುದು ಅಗ್ಗ, ನೋವಿಲ್ಲ. ಅನುಮಾನದ ಜಾಗ ನೀಲಿಯಾಗಿ ಕಾಣುತ್ತದೆ, ಆದರೆ ಮಾಮೂಲಿ ಹುಣ್ಣೂ ನೀಲಿಯಾಗುತ್ತದೆ. ಬಯಾಪ್ಸಿಗೆ, ಅಂದರೆ ಚೂರು ತೆಗೆದು ಪರೀಕ್ಷಿಸಲು, ಎಲ್ಲಿಂದ ತೆಗೆಯಬೇಕು ಎಂದು ವೈದ್ಯರಿಗೆ ತೋರಿಸಲು ಸಾಕು, ತೀರ್ಮಾನಕ್ಕೆ ಸಾಲದು.

ಬ್ರಷ್ ಪರೀಕ್ಷೆಯಲ್ಲಿ ಮಚ್ಚೆಯನ್ನು ಉಜ್ಜಿ ಜೀವಕೋಶ ತೆಗೆಯುತ್ತಾರೆ, ಅರಿವಳಿಕೆ ಬೇಡ. ತೊಂದರೆ ಏನೆಂದರೆ, ಬಿಡಿ ಕೋಶಗಳು ಸಿಗುತ್ತವೆ, ಪದರಗಳ ಜೋಡಣೆ ಕಾಣುವುದಿಲ್ಲ. ಅನುಮಾನ ಬಂದರೆ ಕೊನೆಗೆ ಬಯಾಪ್ಸಿಯೇ.

ಬಯಾಪ್ಸಿಗೆ ಒಂದು ಇಂಜೆಕ್ಷನ್, ಸಣ್ಣ ಚೂರು, ಬೇಕಾದರೆ ಒಂದೆರಡು ಹೊಲಿಗೆ. ಆ ಚೂರಿನಲ್ಲಿ ಕೋಶಗಳ ಬದಲಾವಣೆ ಅಲ್ಪವೋ, ಮಧ್ಯಮವೋ, ತೀವ್ರವೋ ಎಂದು ರೋಗಶಾಸ್ತ್ರಜ್ಞರು ಹೇಳಬಲ್ಲರು. ಚಿಕಿತ್ಸೆ ನಿಂತಿರುವುದು ಇದರ ಮೇಲೆಯೇ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ 2017ರ ಮಾರ್ಗಸೂಚಿಯೂ ಅನುಮಾನದ ಮಚ್ಚೆಗೆ ನೇರ ಬಯಾಪ್ಸಿಯನ್ನೇ ಹೇಳುತ್ತದೆ. ರೋಗಿ ಒಪ್ಪದಿದ್ದರೆ ಮಾತ್ರ ಬ್ರಷ್ಷಿನಂಥ ಕೋಶ ಪರೀಕ್ಷೆ. ನನ್ನ ಮತವೂ ಅದೇ. "ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತೆ" ಎಂಬ ಹೆದರಿಕೆ ನಮ್ಮ ಮಂಡ್ಯದ ಹಳ್ಳಿಗಳಲ್ಲೂ ಕೇಳಿಬರುತ್ತದೆ. ಅದು ನಿಜವಲ್ಲ, ದಯವಿಟ್ಟು ನಂಬಬೇಡಿ.

ಮೈಸೂರಿನಲ್ಲಿ ಜೆಎಸ್‌ಎಸ್ ದಂತ ಕಾಲೇಜು, ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಇವೆ. ಹೋದಾಗ ಎಷ್ಟು ವರ್ಷದಿಂದ ಏನು ಜಗಿಯುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ. ವರದಿಯನ್ನು ಜೋಪಾನವಾಗಿಡಿ, ಮುಂದಿನ ತಪಾಸಣೆಗೆ ಬೇಕಾಗುತ್ತದೆ.